ಹಳೇ ಚೈನ್ ಸಾ ಸಿಕ್ಕಿದೆಯಾ? ಹಗ್ಗ ಎಳೆಯುವ ಮೊದಲು ಸೈಲೆನ್ಸರ್ ಬಿಚ್ಚಿ

ನಮ್ಮ ಭಾವನ ಮನೆಯ ಕೊಟ್ಟಿಗೆ ಅಟ್ಟದ ಮೇಲೆ ಒಂದು ಚೈನ್ ಸಾ ಮೂರು ಮಳೆಗಾಲ ಕಳೆದಿತ್ತು. ಚೀನಾ ಮಿಷನ್. ಸ್ಟಿಕರ್ ಮೇಲೆ 58 ಸಿಸಿ, ಮುಂದೆ 22 ಇಂಚಿನ ಬಾರ್, ಅಂದರೆ ಚೈನ್ ಸುತ್ತಿ ಓಡುವ ಉದ್ದನೆಯ ಪಟ್ಟಿ. ಅಡಿಕೆ ಬೇಯಿಸುವ ಒಲೆಗೆ ಸೌದೆ ಕೊಯ್ಯಲು ತಂದಿದ್ದು, ಎರಡು ವರ್ಷ ದುಡಿದು ಒಂದು ದಿನ ನಿಂತಿತ್ತು. "ಸ್ಟಾರ್ಟ್ ಆಗಲ್ಲ ಮಾರಾಯ, ಬೇಕಾದ್ರೆ ತಗೊಂಡು ಹೋಗು" ಅಂದರು ಭಾವ. ತಂದೆ. ಅಂಗಳದಲ್ಲಿ ಇಟ್ಟ ಕೂಡಲೇ ಮನೆಗೆ ಬಂದವರೆಲ್ಲ ಮಾಡಿದ್ದು ಒಂದೇ ಕೆಲಸ, ಸ್ಟಾರ್ಟ್ ಮಾಡುವ ಹಗ್ಗಕ್ಕೆ ಕೈ ಹಾಕಿದ್ದು.

ಅದನ್ನೇ ಮಾಡಬಾರದು. ಕಾರಣ ನನಗೆ ಸೈಲೆನ್ಸರ್ ಬಿಚ್ಚಿದ ಮೇಲೆ ಗೊತ್ತಾಯಿತು. ಕುಂಬಾರ ಹುಳು ಅದರ ಬಾಯಿಗೆ ಚೊಕ್ಕವಾಗಿ ಮಣ್ಣು ಮೆತ್ತಿ ಗೂಡು ಕಟ್ಟಿತ್ತು. ಒಣಗಿದ ಮಣ್ಣಿನ ಪುಡಿ ಸಿಲಿಂಡರಿನ ಬಾಯಿಯವರೆಗೂ ಇತ್ತು. ಎಳೆದಿದ್ದರೆ ಆ ಪುಡಿ ಪಿಸ್ಟನ್ ಮತ್ತು ಸಿಲಿಂಡರಿನ ನಡುವೆ ಮರಳು ಕಾಗದದ ಕೆಲಸ ಮಾಡುತ್ತಿತ್ತು. ನಿಂತುಹೋದ ಮಿಷನ್‌ಗಳಲ್ಲಿ ಹೆಚ್ಚಿನವು ಪೆಟ್ರೋಲ್ ದಾರಿ ಕಟ್ಟಿಕೊಂಡು ನಿಂತಿರುತ್ತವೆ, ಇಂಜಿನ್ ಚೆನ್ನಾಗಿಯೇ ಇರುತ್ತದೆ. ಆ ಚೆನ್ನಾಗಿರುವ ಇಂಜಿನ್ ಹಾಳಾಗುವುದು ಮಿಷನ್ ಮನೆಗೆ ಬಂದ ಮೊದಲ ದಿನದ ಉತ್ಸಾಹದಲ್ಲಿ.

ಹಾಗಾಗಿ ಈ ಕೆಲಸಕ್ಕೆ ಎರಡು ಸಂಜೆ ಮತ್ತು ಒಂದು ಭಾನುವಾರ ಇಟ್ಟುಕೊಳ್ಳಿ. ಬೇಕಾಗುವ ಸಾಮಾನು ಜಾಸ್ತಿ ಇಲ್ಲ. ಆಲನ್ ಕೀ ಸೆಟ್ (ಕೆಲವು ಕಂಪನಿಯ ಮಿಷನ್‌ಗೆ ನಕ್ಷತ್ರದ ಆಕಾರದ ಟಾರ್ಕ್ಸ್ ಕೀ ಬೇಕು), ಪ್ಲಗ್ ಪಾನಾ, ಸಣ್ಣ ಸ್ಕ್ರೂಡ್ರೈವರ್, ಹಳೇ ಟೂತ್ ಬ್ರಷ್, ಅರ್ಧ ಲೀಟರ್ ಡೀಸೆಲ್, ಒಂದು ಕಾರ್ಬೊರೇಟರ್ ಕ್ಲೀನರ್ ಸ್ಪ್ರೇ, ಬನಿಯನ್ ವೇಸ್ಟ್, ಎರಡು ತರಹದ ಅರ. ಒಂದು ಮೊಬೈಲ್ ಕೂಡ ಬೇಕು. ಬಿಚ್ಚುವ ಮೊದಲು ಪ್ರತಿಯೊಂದಕ್ಕೂ ಫೋಟೋ ತೆಗೆದುಕೊಳ್ಳಿ. ಬೋಲ್ಟ್‌ಗಳನ್ನು ಒಂದೇ ಡಬ್ಬಿಗೆ ಸುರಿಯಬೇಡಿ. ನಾನು ಮೊಟ್ಟೆಯ ಟ್ರೇ ಇಟ್ಟುಕೊಳ್ಳುತ್ತೇನೆ, ಒಂದೊಂದು ಗುಂಡಿಗೆ ಒಂದೊಂದು ಭಾಗದ ಬೋಲ್ಟ್.

ಮೊದಲು ತೊಳೆಯುವುದು, ಆಮೇಲೆ ಬಿಚ್ಚುವುದು

ಪ್ಲಗ್ ಕ್ಯಾಪ್ ಎಳೆದು ಪಕ್ಕಕ್ಕಿಡಿ. ಚೈನ್ ಬ್ರೇಕ್ ಹಿಂದಕ್ಕೆ, ಅಂದರೆ ಹಿಡಿಕೆಯ ಕಡೆಗೆ ಎಳೆದು ಬಿಡಿಸಿ. ಇದನ್ನು ಯಾಕೆ ಮೊದಲೇ ಹೇಳುತ್ತಿದ್ದೇನೆ ಅಂದರೆ, ಕೆಲವು ಮಿಷನ್‌ಗಳಲ್ಲಿ ಬ್ರೇಕಿನ ಪಟ್ಟಿ ಪಕ್ಕದ ಕವರಿನಲ್ಲೇ ಇರುತ್ತದೆ. ಬ್ರೇಕ್ ಬಿದ್ದಿರುವಾಗ ಕವರ್ ತೆಗೆದರೆ ಪಟ್ಟಿ ಬಿಗಿದುಕೊಂಡು ಉಳಿಯುತ್ತದೆ, ವಾಪಸ್ ಕೂರಿಸಲು ಹೋದರೆ ಡ್ರಮ್ ಒಳಗೆ ಹೋಗುವುದೇ ಇಲ್ಲ. ನನ್ನ ಪರಿಚಯದವರೊಬ್ಬರು ಇದೇ ಕಾರಣಕ್ಕೆ ಕವರನ್ನು ಸುತ್ತಿಗೆಯಿಂದ ಹೊಡೆದು ಒಡೆದುಕೊಂಡರು.

ಈಗ ಟ್ಯಾಂಕಿನಲ್ಲಿರುವ ಹಳೇ ಪೆಟ್ರೋಲನ್ನು ಒಂದು ಗಾಜಿನ ಬಾಟಲಿಗೆ ಸುರಿಯಿರಿ. ಸ್ವಲ್ಪ ಹೊತ್ತು ಬಿಟ್ಟು ಬೆಳಕಿಗೆ ಹಿಡಿದು ನೋಡಿ. ಮಸುಕಾಗಿದ್ದರೆ, ಅಥವಾ ತಳದಲ್ಲಿ ಬೇರೆ ಪದರ ಕಂಡರೆ, ರೋಗ ಅಲ್ಲೇ ಗೊತ್ತಾಯಿತು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ 20% ಎಥನಾಲ್ ಇರುತ್ತದೆ. ಎಥನಾಲ್‌ಗೆ ಗಾಳಿಯ ತೇವ ಹೀರುವ ಗುಣ. ನೀರು ಜಾಸ್ತಿಯಾದಾಗ ಎಥನಾಲ್ ಮತ್ತು ನೀರು ಸೇರಿ ಪೆಟ್ರೋಲಿನಿಂದ ಬೇರೆಯಾಗಿ ಕೆಳಗೆ ಕೂರುತ್ತವೆ. ಟ್ಯಾಂಕಿನ ಫಿಲ್ಟರ್ ಮಲಗಿರುವುದೂ ತಳದಲ್ಲೇ. ಪೆಟ್ರೋಲಿಗೆ ಬೆರೆಸುವ 2ಟಿ (ಟೂ ಸ್ಟ್ರೋಕ್) ಎಣ್ಣೆ ಮೇಲಿನ ಪೆಟ್ರೋಲಿನಲ್ಲಿ ಉಳಿದು, ಇಂಜಿನ್ನಿಗೆ ಹೋಗುವುದು ಎಣ್ಣೆಯಿಲ್ಲದ ನೀರುಮಿಶ್ರ. ಮಲೆನಾಡಿನ ಜೂನ್–ಸೆಪ್ಟೆಂಬರ್ ಗಾಳಿಯಲ್ಲಿ ಅರ್ಧ ಟ್ಯಾಂಕ್ ಪೆಟ್ರೋಲ್ ಬಿಟ್ಟು ಮಿಷನ್ ಅಟ್ಟ ಹತ್ತಿಸಿದರೆ ಇನ್ನೇನಾಗುತ್ತದೆ?

ಮೈತುಂಬ ಮೆತ್ತಿದ ಹೊಟ್ಟು, ಎಣ್ಣೆ ಜಿಡ್ಡನ್ನು ಬಿದಿರಿನ ಕಡ್ಡಿಯಿಂದ ಕೆರೆದು ತೆಗೆಯಿರಿ. ಆಮೇಲೆ ಬ್ರಷ್ಷಿಗೆ ಡೀಸೆಲ್ ಹಚ್ಚಿ ಉಜ್ಜಿ. ಬೈಕ್ ತೊಳೆಯುವ ಪ್ರೆಷರ್ ನೀರು ಬೇಡವೇ ಬೇಡ. ಥಿನ್ನರ್ ಕೂಡ ಬೇಡ, ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಏರ್ ಫಿಲ್ಟರ್ ಕವರ್ ತೆಗೆಯುವ ಮೊದಲು ಚೋಕ್ ಮುಚ್ಚಿ, ಇಲ್ಲವಾದರೆ ಮೇಲೆ ಕೂತ ಧೂಳು ನೇರ ಕಾರ್ಬೊರೇಟರಿಗೆ ಬೀಳುತ್ತದೆ. ಫಿಲ್ಟರನ್ನು ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ. ಬೆಳಕಿಗೆ ಹಿಡಿದಾಗ ತೂತು ಕಂಡರೆ ಹೊಸದು ತನ್ನಿ. ಅದೊಂದರಲ್ಲಿ ಜುಗ್ಗತನ ಬೇಡ.

ಪಿಸ್ಟನ್ ಏನು ಹೇಳುತ್ತದೆ

ಇಲ್ಲಿ ಮಿಷನ್ನಿನ ಹಣೆಬರಹ ತಿಳಿಯುತ್ತದೆ. ಸೈಲೆನ್ಸರ್ ಹಿಡಿದಿರುವುದು ಸಾಮಾನ್ಯವಾಗಿ ಎರಡು ಬೋಲ್ಟ್. ಅದನ್ನು ತೆಗೆದರೆ ಸಿಲಿಂಡರಿನ ಕಿಂಡಿಯಲ್ಲಿ ಪಿಸ್ಟನ್ನಿನ ಮೈ ಕಾಣುತ್ತದೆ. ಕಿಂಡಿಯ ಸುತ್ತ ಇರುವ ಮಣ್ಣು, ಮಸಿ ಎಲ್ಲ ಒರೆಸಿ. ಒಳಗೆ ಬೀಳದಂತೆ ಮಿಷನ್ನನ್ನು ಕಿಂಡಿ ಕೆಳಗಾಗಿ ಹಿಡಿದು ಒರೆಸಿ. ಪ್ಲಗ್ ಬಿಚ್ಚಿ, ಹಗ್ಗವನ್ನು ಬಹಳ ನಿಧಾನ ಎಳೆಯುತ್ತಾ ಟಾರ್ಚ್ ಹಾಕಿ ನೋಡಿ. ಪಿಸ್ಟನ್ ಮೈ ನುಣ್ಣಗೆ ಹೊಳೆಯುತ್ತಿದ್ದರೆ, ಅಥವಾ ತಯಾರಿಯ ಸಣ್ಣ ಅಡ್ಡಗೆರೆ ಮಾತ್ರ ಇದ್ದರೆ ಅದೃಷ್ಟ. ಮೇಲಿಂದ ಕೆಳಗೆ ಉದ್ದಕ್ಕೆ ಗೀಚಿದ ಹಾಗೆ ಗೆರೆಗಳಿದ್ದರೆ, ರಿಂಗ್ ಅಂಟಿಕೊಂಡಿದ್ದರೆ, ಯಾರೋ 2ಟಿ ಎಣ್ಣೆ ಹಾಕದೆ ಓಡಿಸಿದ್ದಾರೆ ಅಥವಾ ಇಂಜಿನ್ ಎಲ್ಲೋ ಕಳ್ಳಗಾಳಿ (ಬಿರುಕು, ಸಂದಿಯಿಂದ ನುಗ್ಗುವ ಗಾಳಿ) ಎಳೆದು ಬಿಸಿಯಾಗಿದೆ.

ಹಾಗಿದ್ದರೆ ಅಲ್ಲೇ ನಿಲ್ಲಿಸಿ ಲೆಕ್ಕ ಹಾಕಿ. ಚೀನಾ ಮಿಷನ್‌ಗೆ ಸಿಲಿಂಡರ್, ಪಿಸ್ಟನ್, ರಿಂಗ್ ಸೇರಿದ ಕಿಟ್ ಸುಲಭಕ್ಕೆ ಸಿಗುತ್ತದೆ. ದುಬಾರಿ ಕಂಪನಿಯ ಮಿಷನ್ನಾದರೆ ಅಸಲಿ ಕಿಟ್ಟಿನ ಬೆಲೆ ಕೇಳಿ ತೀರ್ಮಾನಿಸಿ. ಸೆಕೆಂಡ್ ಹ್ಯಾಂಡ್ ಕೊಳ್ಳಲು ಹೊರಟವರಿಗೂ ಇದೇ ಮಾತು. ಜೇಬಿನಲ್ಲಿ ಒಂದು ಆಲನ್ ಕೀ ಇಟ್ಟುಕೊಂಡು ಹೋಗಿ. ಸೈಲೆನ್ಸರ್ ಬಿಚ್ಚಲು ಮಾಲೀಕರು ಒಪ್ಪದಿದ್ದರೆ ಚಹಾ ಕುಡಿದು ವಾಪಸ್ ಬನ್ನಿ.

ಕಂಪ್ರೆಷನ್, ಅಂದರೆ ಪಿಸ್ಟನ್ ಸಿಲಿಂಡರಿನಲ್ಲಿ ಕಟ್ಟುವ ಒತ್ತಡ ನೋಡಲು ಬೈಕ್ ಮೆಕ್ಯಾನಿಕ್ ಹತ್ತಿರ ಗೇಜ್ ಇರುತ್ತದೆ. ಪ್ಲಗ್ ಜಾಗದಲ್ಲಿ ಹಾಕಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಐದಾರು ಸಲ ಎಳೆಯಿರಿ. 120 ಪಿಎಸ್‌ಐ ದಾಟಿದರೆ ಧೈರ್ಯವಾಗಿ ಮುಂದುವರಿಯಬಹುದು, 150ರ ಹತ್ತಿರ ಬಂದರೆ ಹಬ್ಬ. 90ರ ಕೆಳಗಿದ್ದರೆ ರಿಂಗ್ ಹೋಗಿದೆ ಎಂದುಕೊಳ್ಳಿ. ಗೇಜ್ ಸಿಗದಿದ್ದರೆ ಒಂದು ಒರಟು ಪರೀಕ್ಷೆ ಇದೆ. ಪ್ಲಗ್ ಹಾಕಿ, ಸ್ವಿಚ್ ಆಫ್ ಮಾಡಿ, ಸ್ಟಾರ್ಟರ್ ಹಿಡಿ ಹಿಡಿದು ಮಿಷನ್ನನ್ನು ನೆಲದಿಂದ ಸ್ವಲ್ಪವೇ ಮೇಲೆ ತೂಗಾಡಿಸಿ. ಮಿಷನ್ ತಡೆತಡೆದು ಮೆಲ್ಲಗೆ ಇಳಿದರೆ ಕಂಪ್ರೆಷನ್ ಇದೆ. ಸರ್ರನೆ ಜಾರಿದರೆ ಇಲ್ಲ.

ಸೈಲೆನ್ಸರ್ ಒಳಗೆ ಸಣ್ಣ ಜಾಲರಿ ಇದ್ದರೆ ತೆಗೆದು, ತಂತಿ ಬ್ರಷ್ಷಿನಿಂದ ಮಸಿ ಉಜ್ಜಿ. ಮಸಿ ಕಟ್ಟಿದ ಜಾಲರಿ ಇಂಜಿನ್ನಿಗೆ ಉಸಿರಾಡಲು ಬಿಡುವುದಿಲ್ಲ. ಆದರೆ ಜಾಲರಿಯನ್ನೇ ಕಿತ್ತು ಬಿಸಾಡಬೇಡಿ. ಬೇಸಿಗೆಯಲ್ಲಿ ದರಕಿನ (ಒಣ ಎಲೆಗಳ) ಮೇಲೆ ಒಂದು ಕಿಡಿ ಬಿದ್ದರೂ ಸಾಕು.

ಕಿಡಿ ಬರುತ್ತಿದೆಯಾ

ಇದು ಬೇಗ ಮುಗಿಯುವ ಕೆಲಸ. ಹೊಸ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಸಿಲಿಂಡರಿನ ರೆಕ್ಕೆಗೆ ತಾಗಿಸಿ, ಸ್ವಿಚ್ ಆನ್ ಮಾಡಿ ನೆರಳಿನಲ್ಲಿ ಹಗ್ಗ ಎಳೆಯಿರಿ. ಹತ್ತಿರದಲ್ಲಿ ಪೆಟ್ರೋಲ್ ಇರಬಾರದು, ಪ್ಲಗ್ ತೂತಿನಿಂದಲೂ ದೂರ ಹಿಡಿಯಿರಿ. ನೀಲಿ ಕಿಡಿ ಬಂದರೆ ಮುಂದೆ ಹೋಗಿ. ಬರದಿದ್ದರೆ ಕಾಯಿಲ್ ಸತ್ತಿದೆ ಎಂದು ಕೂಡಲೇ ತೀರ್ಮಾನಿಸಬೇಡಿ. ಸ್ವಿಚ್ಚಿನಿಂದ ಕಾಯಿಲಿಗೆ ಹೋಗುವ ತೆಳು ವೈರ್ ಬಿಡಿಸಿ ಮತ್ತೆ ಎಳೆಯಿರಿ. ಆಗ ಕಿಡಿ ಬಂದರೆ ಸ್ವಿಚ್ ಅಥವಾ ವೈರ್ ಎಲ್ಲೋ ಮೈಗೆ ತಾಗುತ್ತಿದೆ ಅಷ್ಟೇ. ಫ್ಲೈವೀಲ್ ಮ್ಯಾಗ್ನೆಟ್ ಮೇಲೆ ತುಕ್ಕಿದ್ದರೆ ಮರಳು ಕಾಗದದಿಂದ ಉಜ್ಜಿ. ಕಾಯಿಲಿಗೂ ಮ್ಯಾಗ್ನೆಟ್ಟಿಗೂ ನಡುವೆ ಸುಮಾರು 0.3 ಮಿ.ಮೀ. ಸಂದು ಇರಬೇಕು. ಒಂದು ವಿಸಿಟಿಂಗ್ ಕಾರ್ಡ್ ನಡುವೆ ಇಟ್ಟು ಬೋಲ್ಟ್ ಬಿಗಿ ಮಾಡಿ, ಕಾರ್ಡ್ ಎಳೆದುಬಿಟ್ಟರೆ ಆಯಿತು. ಪ್ಲಗ್ ಗ್ಯಾಪ್ ಮಿಷನ್ ನೋಡಿಕೊಂಡು 0.5ರಿಂದ 0.7 ಮಿ.ಮೀ.

ಸ್ಟಾರ್ಟರ್ ಕವರ್ ಬಿಚ್ಚಿದಾಗಲೇ ಅದರ ಒಳಗೂ, ಫ್ಲೈವೀಲ್ ಹಿಂದೆಯೂ ಸಿಲಿಂಡರ್ ರೆಕ್ಕೆಗಳ ಸಂದಿಯಲ್ಲೂ ತುಂಬಿದ ಹೊಟ್ಟು ತೆಗೆಯಿರಿ. ಇಂಜಿನ್ ತಣ್ಣಗಾಗುವುದು ಈ ಸಂದಿಗಳ ಗಾಳಿಯಿಂದಲೇ. ನನ್ನ ಮಿಷನ್ನಿನಲ್ಲಿ ಇಲಿ ಅಲ್ಲಿ ತೆಂಗಿನ ನಾರು ತಂದು ಹಾಸಿಗೆ ಮಾಡಿತ್ತು. ಹಗ್ಗ ಸವೆದಿದ್ದರೆ ಈಗಲೇ ಬದಲಿಸಿ. ಆದರೆ ರಾಟೆಯ ಕೆಳಗಿನ ಸುರುಳಿ ಸ್ಪ್ರಿಂಗ್ ಹಾರಿದರೆ ಮುಖಕ್ಕೇ ಬರುತ್ತದೆ. ಕನ್ನಡಕ ಹಾಕಿಕೊಳ್ಳದೆ ಅದನ್ನು ಎತ್ತಬೇಡಿ.

ಪೆಟ್ರೋಲ್ ದಾರಿ

ಟ್ಯಾಂಕಿನ ಬಾಯಿಯಿಂದ ಕೊಕ್ಕೆ ಮಾಡಿದ ತಂತಿ ಹಾಕಿ ಫಿಲ್ಟರನ್ನು ಹೊರಗೆಳೆಯಿರಿ. ಅದು ಕಪ್ಪಗೆ ಅಂಟಂಟಾಗಿದ್ದರೆ ಬಿಸಾಡಿ. ಅದಕ್ಕೆ ಸಿಕ್ಕಿಸಿರುವ ರಬ್ಬರ್ ಪೈಪನ್ನು ಬೆರಳಲ್ಲಿ ಬಾಗಿಸಿ ನೋಡಿ. ಗಟ್ಟಿಯಾಗಿದ್ದರೆ, ಬಿರುಕಿದ್ದರೆ, ಅಥವಾ ಬೆಣ್ಣೆಯ ಹಾಗೆ ಮೆತ್ತಗಾಗಿದ್ದರೆ ಹೊಸದು ಹಾಕಿ. ಟ್ಯಾಂಕಿನ ಗೋಡೆ ದಾಟುವ ಜಾಗದಲ್ಲಿ ವಿಶೇಷವಾಗಿ ನೋಡಿ, ಪೈಪ್ ಸೀಳುವುದು ಅಲ್ಲೇ. ಸೀಳಿದ ಪೈಪ್ ಪೆಟ್ರೋಲಿನ ಬದಲು ಗಾಳಿ ಎಳೆಯುತ್ತದೆ. ಟ್ಯಾಂಕ್ ಒಳಗೆ ಸ್ವಲ್ಪ ಹೊಸ ಪೆಟ್ರೋಲ್ ಹಾಕಿ ಕುಲುಕಿ ಎರಡು ಸಲ ತೊಳೆಯಿರಿ.

ಈಗ ಕಾರ್ಬೊರೇಟರ್. ಬೈಕಿನದ್ದರ ಹಾಗೆ ಇದರಲ್ಲಿ ತೇಲುವ ಫ್ಲೋಟ್ ಇಲ್ಲ. ಮರದ ಮೇಲೆ ಮಿಷನ್ನನ್ನು ಅಡ್ಡ, ತಲೆಕೆಳಗು ಹೇಗೆ ಹಿಡಿದರೂ ಓಡಬೇಕಲ್ಲ, ಅದಕ್ಕೆ ಎರಡು ತೆಳು ಪೊರೆಗಳು ಕೆಲಸ ಮಾಡುತ್ತವೆ. ಒಂದು ಪಂಪ್ ಪೊರೆ. ಇಂಜಿನ್ನಿನ ಕ್ರ್ಯಾಂಕ್ ಕೇಸ್ (ಪಿಸ್ಟನ್ ಕೆಳಗಿನ ಗೂಡು) ಒಳಗಿನ ಒತ್ತಡ ಏರಿಳಿದಂತೆ ಅದು ಬಡಿದು ಟ್ಯಾಂಕಿನಿಂದ ಪೆಟ್ರೋಲ್ ಎಳೆಯುತ್ತದೆ. ಇನ್ನೊಂದು ಅಳತೆ ಮಾಡಿ ಬಿಡುವ ಮೀಟರಿಂಗ್ ಪೊರೆ. ನಡುವೆ ಗುಂಡಿ ಇರುವ ಈ ಪೊರೆ ಒಂದು ಪುಟ್ಟ ಸನ್ನೆಯನ್ನು ಒತ್ತಿ ಸೂಜಿಯನ್ನು ಎತ್ತುತ್ತದೆ. ಮೂರು ಮಳೆಗಾಲದಲ್ಲಿ ಈ ಎರಡೂ ಪೊರೆ ಹಪ್ಪಳದಂತೆ ಗಟ್ಟಿಯಾಗಿರುತ್ತವೆ. ಸ್ಟಾರ್ಟ್ ಆಗದ ಮಿಷನ್ನಿಗೆ ಹತ್ತಕ್ಕೆ ಐದಾರು ಸಲ ಔಷಧ ಇಲ್ಲೇ ಇರುವುದು ಅಂತ ನನ್ನ ಅನುಭವ.

ಅಂಗಡಿಗೆ ಹೋಗುವಾಗ ಕಾರ್ಬೊರೇಟರನ್ನೇ ಜೇಬಿಗೆ ಹಾಕಿಕೊಂಡು ಹೋಗಿ. ಅದರ ಮೈಮೇಲೆ ಕೊರೆದ ನಂಬರ್ ತೋರಿಸಿ ಕಿಟ್ ಕೇಳಿ. ಮಿಷನ್ ಹೆಸರು ಹೇಳಿ ತಂದರೆ ಹೊಂದುವುದಿಲ್ಲ, ಒಂದೇ ಮಾದರಿಗೂ ಎರಡು ಮೂರು ತರಹದ ಕಾರ್ಬೊರೇಟರ್ ಹಾಕಿರುತ್ತಾರೆ.

ಒಂದು ಸ್ಕ್ರೂ ಇರುವ ಕಡೆ ಸಾಮಾನ್ಯವಾಗಿ ಪಂಪ್ ಪೊರೆ, ನಾಲ್ಕು ಸ್ಕ್ರೂ ಇರುವ ಕಡೆ ಮೀಟರಿಂಗ್ ಪೊರೆ. ಬಿಚ್ಚುತ್ತಾ ಹೋದ ಹಾಗೆ ಬಿಳಿ ಬಟ್ಟೆಯ ಮೇಲೆ ಸಾಲಾಗಿ ಇಡಿ. ಜೋಡಿಸುವ ಕ್ರಮ ಎರಡೂ ಕಡೆ ಒಂದೇ ಅಲ್ಲ. ಪಂಪ್ ಕಡೆ ಪೊರೆ ಕಾರ್ಬೊರೇಟರಿನ ಮೈಗೆ ಅಂಟಿ ಕೂರುತ್ತದೆ, ಅದರ ಮೇಲೆ ಗ್ಯಾಸ್ಕೆಟ್. ಮೀಟರಿಂಗ್ ಕಡೆ ಮೊದಲು ಗ್ಯಾಸ್ಕೆಟ್, ಅದರ ಮೇಲೆ ಪೊರೆ. ನಾನು ಮೊದಲ ಸಲ ಇದನ್ನು ಉಲ್ಟಾ ಮಾಡಿ, ಪ್ಲಗ್ ಪೆಟ್ರೋಲಿನಲ್ಲಿ ಮುಳುಗಿ, ಅರ್ಧ ದಿನ ಮಿಷನ್ನಿಗೂ ನನ್ನ ರಟ್ಟೆಗೂ ಜಗಳ ನಡೆಯಿತು. ಫೋಟೋ ತೆಗೆಯಿರಿ ಅಂದಿದ್ದು ಅದಕ್ಕೇ.

ಪಂಪ್ ಕಡೆ ಕಾಳು ಗಾತ್ರದ ಒಂದು ಜಾಲರಿ ಇರುತ್ತದೆ. ಅದನ್ನು ಗುಂಡುಸೂಜಿಯಿಂದ ಎಬ್ಬಿಸಿ ತೊಳೆಯಿರಿ. ಹಲವರು ಇದನ್ನು ನೋಡುವುದೇ ಇಲ್ಲ. ಮೀಟರಿಂಗ್ ಕಡೆ ಸನ್ನೆ, ಸೂಜಿ, ಪುಟ್ಟ ಸ್ಪ್ರಿಂಗ್ ಇವೆ. ಸ್ಪ್ರಿಂಗ್ ಹಾರಿಹೋದರೆ ಅಂಗಳದಲ್ಲಿ ಹುಡುಕುವುದು ಸಾಸಿವೆ ಹುಡುಕಿದ ಹಾಗೆ, ಹಾಗಾಗಿ ಒಂದು ಪಾರದರ್ಶಕ ಪ್ಲಾಸ್ಟಿಕ್ ಚೀಲದ ಒಳಗೆ ಕೈ ಇಟ್ಟು ಬಿಚ್ಚಿ. ಎಚ್ (ಜೋರು ಓಟಕ್ಕೆ) ಮತ್ತು ಎಲ್ (ನಿಧಾನ ಓಟಕ್ಕೆ) ಎಂದು ಬರೆದ, ಪೆಟ್ರೋಲ್ ಹೊಂದಿಸುವ ಎರಡು ಸ್ಕ್ರೂಗಳನ್ನು ತೆಗೆಯುವ ಮೊದಲು ಒಳಕ್ಕೆ ಮೆಲ್ಲಗೆ ತಿರುಗಿಸಿ, ಎಷ್ಟು ಸುತ್ತಿಗೆ ಕೂರುತ್ತದೆ ಎಂದು ಬರೆದಿಟ್ಟುಕೊಳ್ಳಿ. ಬಿಗಿ ಮಾಡಬೇಡಿ, ತುದಿ ಸೂಜಿಯಂತೆ ಇರುತ್ತದೆ, ಮೊಂಡಾಗುತ್ತದೆ. ಆಮೇಲೆ ಎಲ್ಲ ತೂತುಗಳಿಗೂ ಕ್ಲೀನರ್ ಸ್ಪ್ರೇ ಹೊಡೆಯಿರಿ. ಎದುರಿನ ತೂತಿನಿಂದ ಕಣ್ಣಿಗೇ ಚಿಮ್ಮುತ್ತದೆ, ಕನ್ನಡಕ ಮರೆಯಬೇಡಿ. ಉಕ್ಕಿನ ತಂತಿ ತುರುಕಬೇಡಿ, ಹಿತ್ತಾಳೆ ಜೆಟ್ಟಿನ ತೂತು ದೊಡ್ಡದಾದರೆ ಮತ್ತೆ ಸರಿಹೋಗುವುದಿಲ್ಲ. ಪಂಕ್ಚರ್ ಅಂಗಡಿಯ ಕಂಪ್ರೆಸರಿಂದ ಜೋರು ಗಾಳಿ ಊದುವುದೂ ಬೇಡ, ಒಳಗಿನ ತೆಳು ವಾಲ್ವ್ ಹಾರುತ್ತದೆ. ಹೊಸ ಪೊರೆ, ಸೂಜಿ ಹಾಕಿ. ಸನ್ನೆಯ ಎತ್ತರ ಮೊದಲಿದ್ದಷ್ಟೇ ಇರಲಿ.

ಕಾರ್ಬೊರೇಟರ್ ಕೂರಿಸುವಾಗ ಹಿಂದಿನ ರಬ್ಬರ್ ಪೈಪ್ ಬಿರುಕು ಬಿಟ್ಟಿದೆಯಾ ನೋಡಿ. ಕ್ರ್ಯಾಂಕ್ ಕೇಸಿನಿಂದ ಬರುವ ಸಣ್ಣ ಗಾಳಿ ದಾರಿಯ ತೂತೂ, ಗ್ಯಾಸ್ಕೆಟ್ಟಿನ ತೂತೂ ಎದುರುಬದುರು ಬರಬೇಕು. ಉಲ್ಟಾ ಕೂತರೆ ಪಂಪ್ ಪೊರೆಗೆ ಜೀವ ಇರುವುದಿಲ್ಲ, ನೀವು ಸಂಜೆವರೆಗೆ ಎಳೆದರೂ ಪೆಟ್ರೋಲ್ ಮೇಲೆ ಬರುವುದಿಲ್ಲ.

ಕ್ಲಚ್ ಕಡೆ

ಬಾರ್, ಚೈನ್ ತೆಗೆದ ಮೇಲೆ ಕಾಣುವ ಡ್ರಮ್ ಮತ್ತು ಹಲ್ಲಿನ ಚಕ್ರದ ಸುತ್ತ ಎಣ್ಣೆಯಲ್ಲಿ ನೆನೆದ ಹೊಟ್ಟು ಗಟ್ಟಿ ಉಂಡೆಯಾಗಿರುತ್ತದೆ. ಕೆರೆದು ತೆಗೆಯಿರಿ. ಚಕ್ರದ ಹಲ್ಲಿನಲ್ಲಿ ಚೈನ್ ಕೊರೆದ ಗುಳಿ ಅರ್ಧ ಮಿ.ಮೀ.ಗಿಂತ ಆಳ ಇದ್ದರೆ ಬದಲಿಸಬೇಕು. ಸವೆದ ಚಕ್ರ ಹೊಸ ಚೈನನ್ನೂ ಬೇಗ ತಿಂದುಹಾಕುತ್ತದೆ.

ಕ್ಲಚ್ ಬಿಚ್ಚಬೇಕಾದರೆ ಒಂದು ಮಾತು ನೆನಪಿರಲಿ. ಅದರ ಮರೆ (ಥ್ರೆಡ್) ಉಲ್ಟಾ. ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿದರೆ ಅದು ಬಿಚ್ಚುತ್ತದೆ. ಇಂಜಿನ್ ತಿರುಗದಂತೆ ತಡೆಯಲು ಪ್ಲಗ್ ತೂತಿನಿಂದ ಸ್ಟಾರ್ಟರ್ ಹಗ್ಗದ ಹಳೇ ತುಂಡನ್ನು ಒಳಗೆ ತುಂಬಿ, ಒಂದು ತುದಿ ಹೊರಗೇ ಇರಲಿ. ಪಿಸ್ಟನ್ ಮೇಲೆ ಬಂದು ಸೈಲೆನ್ಸರ್ ಕಿಂಡಿ ಮುಚ್ಚಿದ ಮೇಲಷ್ಟೇ ಹಗ್ಗ ಹಾಕಬೇಕು. ಇಲ್ಲದಿದ್ದರೆ ಹಗ್ಗ ಕಿಂಡಿಯಲ್ಲಿ ಸಿಕ್ಕಿ ಕತ್ತರಿಸುತ್ತದೆ. ಸ್ಕ್ರೂಡ್ರೈವರ್ ತುರುಕಿ ತಡೆಯುವವರನ್ನು ನೋಡಿದ್ದೇನೆ. ಪಿಸ್ಟನ್ ತಲೆಗೆ ತೂತು ಬೀಳಿಸಲು ಅದಕ್ಕಿಂತ ಸುಲಭದ ದಾರಿ ಇಲ್ಲ. ಡ್ರಮ್ ಒಳಗಿನ ಸೂಜಿ ಬೇರಿಂಗ್ ತೊಳೆದು ಚೂರು ಗ್ರೀಸ್ ಹಚ್ಚಿ. ಜಾಸ್ತಿ ಹಚ್ಚಿದರೆ ಕ್ಲಚ್ಚಿಗೆ ಹಾರಿ ಜಾರಲು ಶುರುವಾಗುತ್ತದೆ.

ಚೈನಿನ ಎಣ್ಣೆ ಟ್ಯಾಂಕನ್ನೂ ಡೀಸೆಲ್ ಹಾಕಿ ಕುಲುಕಿ ತೊಳೆಯಿರಿ. ನಮ್ಮ ಕಡೆ ಅದಕ್ಕೆ ಗ್ಯಾರೇಜಿನಿಂದ ತಂದ ಸುಟ್ಟ ಆಯಿಲ್ ಹಾಕುವುದು ರೂಢಿ, ಪುಕ್ಕಟೆ ಸಿಗುತ್ತದೆ ಅಲ್ವಾ? ಅದರಲ್ಲಿ ಕಬ್ಬಿಣದ ಪುಡಿ ಇರುತ್ತದೆ, ಎಣ್ಣೆ ಪಂಪನ್ನು ಸವೆಸುತ್ತದೆ. ಆ ಎಣ್ಣೆ ಸಣ್ಣ ಹನಿಯಾಗಿ ನಿಮ್ಮ ಮೈಗೂ ತೋಟದ ಮಣ್ಣಿಗೂ ಬೀಳುತ್ತದೆ. ಚೈನ್ ಆಯಿಲ್ ಸಿಗದಿದ್ದರೆ ಹೊಸ 40 ನಂಬರ್ ಇಂಜಿನ್ ಆಯಿಲ್ ಹಾಕಿ, ಕೆಲಸ ನಡೆಯುತ್ತದೆ.

ಬಾರ್ ಮತ್ತು ಚೈನ್

ಬಾರಿನ ಅಂಚಿನ ಸೀಳಿನಲ್ಲಿ ತುಂಬಿದ ಕೊಳೆಯನ್ನು ಹಳೇ ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಗೀರಿ ತೆಗೆಯಿರಿ. ಬುಡದ ಎಣ್ಣೆ ತೂತು ತೆರೆದಿರಬೇಕು. ಅಂಚುಗಳಲ್ಲಿ ಹೊರಕ್ಕೆ ಮಡಚಿಕೊಂಡ ತೆಳು ಚೂಪು ಇದ್ದರೆ ಚಪ್ಪಟೆ ಅರದಿಂದ ತೆಗೆಯಿರಿ. ಎರಡೂ ಅಂಚು ಒಂದೇ ಎತ್ತರ ಇರಬೇಕು. ಗಾಜಿನ ಮೇಲೆ ಬಾರನ್ನು ಅಂಚಿನ ಮೇಲೆ ನಿಲ್ಲಿಸಿ, ಓರೆಯಾಗದೆ ನೆಟ್ಟಗೆ ನಿಂತರೆ ಸರಿ. ಕೊಯ್ಯುವಾಗ ಮಿಷನ್ ಒಂದೇ ಕಡೆಗೆ ಬಾಗಿ ಹೋಗುತ್ತಿದೆ ಎಂದು ದೂರುವವರ ಬಾರ್ ಸಾಮಾನ್ಯವಾಗಿ ಇಲ್ಲಿ ಸೋತಿರುತ್ತದೆ, ಅಥವಾ ಚೈನಿನ ಒಂದು ಕಡೆಯ ಹಲ್ಲು ಗಿಡ್ಡ ಇರುತ್ತದೆ. ತುದಿಯ ಚಕ್ರ ಸಲೀಸಾಗಿ ತಿರುಗಬೇಕು. ಮತ್ತೆ ಕೂರಿಸುವಾಗ ಬಾರನ್ನು ತಲೆಕೆಳಗು ಮಾಡಿ ಹಾಕಿ, ಸವೆತ ಎರಡೂ ಕಡೆಗೆ ಹಂಚಿಹೋಗುತ್ತದೆ.

ಚೈನ್ ತುಕ್ಕು ಹಿಡಿದಿದ್ದರೆ ಒಂದು ರಾತ್ರಿ ಡೀಸೆಲಿನಲ್ಲಿ ನೆನೆಸಿ. ಬೆಳಿಗ್ಗೆ ಎಲ್ಲ ಕೊಂಡಿಯೂ ಬಾಗಬೇಕು. ಬಾಗದ ಕೊಂಡಿ, ಬಿರುಕು, ಅಥವಾ 4 ಮಿ.ಮೀ.ಗಿಂತ ಗಿಡ್ಡವಾದ ಹಲ್ಲು ಕಂಡರೆ ಬಿಸಾಡಿ. ಹೊಸದು ತರುವಾಗ ಮೂರು ಸಂಗತಿ ಹೇಳಬೇಕು: ಪಿಚ್ (ಕೊಂಡಿಗಳ ಅಂತರ), ಗೇಜ್ (ಬಾರಿನ ಸೀಳಿನಲ್ಲಿ ಓಡುವ ಕೊಂಡಿಯ ದಪ್ಪ), ಆ ಒಳಗಿನ ಕೊಂಡಿಗಳ ಸಂಖ್ಯೆ. ಇಂಚು ಮಾತ್ರ ಹೇಳಿದರೆ ಸಾಲದು. ನನ್ನ 22 ಇಂಚಿನ ಬಾರಿಗೆ 0.325 ಇಂಚು ಪಿಚ್, 0.058 ಇಂಚು ಗೇಜ್, 86 ಕೊಂಡಿ.

ಹರಿತ ಮಾಡುವುದು ಕಲಿಯದೆ ಚೈನ್ ಸಾ ಇಟ್ಟುಕೊಳ್ಳಬಾರದು ಎಂಬುದು ನನ್ನ ಖಡಾಖಂಡಿತ ಮಾತು. 0.325 ಪಿಚ್ಚಿಗೆ 4.8 ಮಿ.ಮೀ. ಗುಂಡು ಅರ, ಸಣ್ಣ ಮಿಷನ್‌ಗಳ 3/8 ಲೋ ಪ್ರೊಫೈಲ್ ಚೈನಿಗೆ 4 ಮಿ.ಮೀ. ಒಂದು ಕೊರಡಿನಲ್ಲಿ ಸೀಳು ಮಾಡಿ ಬಾರ್ ಸಿಕ್ಕಿಸಿಕೊಳ್ಳಿ, ಅಲುಗಾಡಬಾರದು. ಅತಿ ಗಿಡ್ಡ ಹಲ್ಲು ಯಾವುದು ಹುಡುಕಿ ಪೆನ್ನಿನಿಂದ ಗುರುತು ಮಾಡಿ. ಉಳಿದ ಎಲ್ಲವೂ ಅದರ ಉದ್ದಕ್ಕೆ ಬರಬೇಕು. ಅರವನ್ನು 30 ಡಿಗ್ರಿ ಓರೆಗೆ, ಅದರ ಐದನೇ ಒಂದು ಭಾಗ ಹಲ್ಲಿನ ತಲೆಗಿಂತ ಮೇಲೆ ಇರುವಂತೆ ಹಿಡಿದು, ಒಳಗಿನಿಂದ ಹೊರಕ್ಕೆ ತಳ್ಳಿ. ಹಿಂದಕ್ಕೆ ಎಳೆಯುವಾಗ ಎತ್ತಿ ತನ್ನಿ. ಒಂದೊಂದು ಹಲ್ಲಿಗೂ ಎಣಿಸಿ ಅಷ್ಟೇ ಸಲ. ಒಂದು ಕಡೆಯವು ಮುಗಿದ ಮೇಲೆ ಆಚೆ ಬದಿಗೆ ಹೋಗಿ ಇನ್ನೊಂದು ಕಡೆಯವು. ಹಲ್ಲಿನ ತುದಿಯಲ್ಲಿ ಬಿಳಿ ಹೊಳಪು ಕಾಣುತ್ತಿದ್ದರೆ ಇನ್ನೂ ಮೊಂಡು. ಹರಿತ ಆದ ಅಂಚು ಬೆಳಕನ್ನು ವಾಪಸ್ ಎಸೆಯುವುದಿಲ್ಲ.

ಹಲ್ಲಿನ ಮುಂದಿರುವ ಗುಬ್ಬಿಯಂಥ ಸಣ್ಣ ಉಬ್ಬನ್ನು ಹೆಚ್ಚಿನವರು ಮುಟ್ಟುವುದೇ ಇಲ್ಲ. ಹಲ್ಲು ಎಷ್ಟು ಆಳ ಕಚ್ಚಬೇಕು ಎಂದು ತೀರ್ಮಾನಿಸುವುದು ಅದೇ. ಹಲ್ಲನ್ನು ಅರೆದಂತೆಲ್ಲ ಹಲ್ಲಿನ ತಲೆ ತಗ್ಗುತ್ತದೆ, ಗುಬ್ಬಿ ಹಾಗೇ ಉಳಿಯುತ್ತದೆ. ಕೊನೆಗೆ ಚೈನ್ ಹರಿತ ಇದ್ದರೂ ಮರ ಕಚ್ಚುವುದಿಲ್ಲ. ಗುಬ್ಬಿ ಹಲ್ಲಿಗಿಂತ 0.65 ಮಿ.ಮೀ. ಕೆಳಗಿರಬೇಕು. ಅದಕ್ಕೊಂದು ಅಳತೆ ಪಟ್ಟಿ ಸಿಗುತ್ತದೆ. ಪಟ್ಟಿಯಿಂದ ಮೇಲೆ ಕಂಡಷ್ಟನ್ನು ಚಪ್ಪಟೆ ಅರದಿಂದ ತೆಗೆಯಿರಿ. ಜಾಸ್ತಿ ತೆಗೆದರೆ ಚೈನ್ ಮರವನ್ನು ಗಬಕ್ಕನೆ ಕಚ್ಚಿ ಮಿಷನ್ ನಿಮ್ಮ ಕಡೆಗೆ ಒದೆಯುತ್ತದೆ. ಇದರಲ್ಲಿ ಅಂದಾಜು ಬೇಡ.

ಚೈನ್ ಹಾಕಿ, ಬಾರಿನ ಮೂತಿಯನ್ನು ಮೇಲಕ್ಕೆತ್ತಿ ಹಿಡಿದು ಬಿಗಿ ಮಾಡಿ. ಕೆಳಗೆ ಜೋಲಬಾರದು, ಕೈಯಿಂದ ಎಳೆದರೆ ಸಲೀಸಾಗಿ ಓಡಬೇಕು. ಅಷ್ಟೇ ಅಳತೆ.

ಬ್ರೇಕ್ ಇಲ್ಲದೆ ಮರದ ಹತ್ತಿರ ಹೋಗಬೇಡಿ

ಬಾರಿನ ತುದಿಯ ಮೇಲಿನ ಕಾಲುಭಾಗ ಮರಕ್ಕೆ ತಾಗಿದರೆ ಮಿಷನ್ ಕಣ್ಣುಮುಚ್ಚಿ ತೆರೆಯುವುದರೊಳಗೆ ಮುಖದ ಕಡೆ ಎಗರುತ್ತದೆ. ಅದನ್ನು ನಿಲ್ಲಿಸುವುದು ಮುಂದಿನ ಕೈಗಾವಲು ಮತ್ತು ಅದಕ್ಕೆ ಜೋಡಿಸಿದ ಬ್ರೇಕ್. ಹಳೇ ಮಿಷನ್‌ಗಳಲ್ಲಿ ಇದು ಒಂದೋ ಮುರಿದಿರುತ್ತದೆ, ಇಲ್ಲವೇ ಹೊಟ್ಟು ತುಂಬಿ ಜಾಮ್ ಆಗಿರುತ್ತದೆ. ಪಟ್ಟಿ ತೊಳೆದು, ಸವೆತ ನೋಡಿ, ಕಟಕ್ ಎಂದು ಬೀಳುವಂತೆ ಮಾಡಿ. ಬಾರಿನ ಬುಡದ ಕೆಳಗಿರುವ ಚೈನ್ ಕ್ಯಾಚರ್ ಗೂಟ, ಹಿಡಿಕೆಯ ಹಿಂಭಾಗದ ಲಾಕ್ ಸನ್ನೆ, ಅದುರು ತಡೆಯುವ ರಬ್ಬರ್, ಇವನ್ನೂ ನೋಡಿ. ಪಂಚೆ ಮೊಣಕಾಲ ಮೇಲೆ ಕಟ್ಟಿ, ಹವಾಯಿ ಚಪ್ಪಲಿಯಲ್ಲಿ ಕೊಯ್ಯುವ ದೃಶ್ಯ ನಮ್ಮೂರಲ್ಲಿ ದಿನಾ ಕಾಣುತ್ತದೆ. ಗಟ್ಟಿ ಬೂಟು, ಕನ್ನಡಕ, ಕಿವಿಗೆ ಮುಚ್ಚಳ, ಹೆಲ್ಮೆಟ್ ಇಷ್ಟಾದರೂ ಬೇಕು. ಕಾಲಿಗೆ ಹಾಕುವ ಚೈನ್ ತಡೆಯುವ ಚಾಪ್ಸ್ ಸಿಕ್ಕರೆ ಕೊಳ್ಳಿ.

ಈಗ ಎಳೆಯಿರಿ

ಹೊಸ ಪೆಟ್ರೋಲ್ ಒಂದು ಲೀಟರಿಗೆ 40 ಮಿ.ಲೀ. 2ಟಿ ಎಣ್ಣೆ ಹಾಕಿದರೆ 25:1. ಚೀನಾ ಮಿಷನ್ನಿಗೆ, ಸಾಮಾನ್ಯ 2ಟಿ ಎಣ್ಣೆಗೆ ನಾನು ಹಾಕುವುದು ಇದನ್ನೇ. ದೊಡ್ಡ ಕಂಪನಿಯ ಮಿಷನ್ನಿಗೆ ಅವರದೇ ಎಣ್ಣೆ ಹಾಕುವುದಾದರೆ 20 ಮಿ.ಲೀ., ಅಂದರೆ 50:1. ಮಿಷನ್ ಪುಸ್ತಕ ಹೇಳಿದ್ದೇ ಕೊನೆಯ ಮಾತು. ಕರಾವಳಿಯವರು ಒಂದು ಗಮನಿಸಿ, ದೋಣಿ ಇಂಜಿನ್ನಿನ 2ಟಿ ಎಣ್ಣೆ ನೀರಿನಿಂದ ತಣ್ಣಗಾಗುವ ಇಂಜಿನ್ನಿಗೆ ಮಾಡಿದ್ದು. ಗಾಳಿಯಿಂದ ತಣ್ಣಗಾಗುವ ಚೈನ್ ಸಾಗೆ ಅದು ಆಗಿಬರುವುದಿಲ್ಲ.

ಎಚ್ ಮತ್ತು ಎಲ್ ಸ್ಕ್ರೂಗಳನ್ನು ಮೆಲ್ಲಗೆ ಕೂರಿಸಿ ಒಂದೊಂದು ಸುತ್ತು ಹೊರಕ್ಕೆ ಬಿಡಿ, ಇದು ಆರಂಭಕ್ಕೆ. ಮಿಷನ್ನನ್ನು ನೆಲದ ಮೇಲಿಟ್ಟು, ಹಿಂದಿನ ಹಿಡಿಕೆಯೊಳಗೆ ಬೂಟಿನ ತುದಿ ಇಟ್ಟು ಒತ್ತಿ, ಬ್ರೇಕ್ ಹಾಕಿ, ಚೋಕ್ ಎಳೆದು ಹಗ್ಗ ಎಳೆಯಿರಿ. ಒಂದು ಸಲ 'ಡಬ್' ಎಂದು ಹೊಡೆದ ಕೂಡಲೇ ಚೋಕ್ ಅರ್ಧಕ್ಕೆ ತಳ್ಳಿ. ಹೊಡೆದ ಮೇಲೂ ಪೂರ್ತಿ ಚೋಕಿನಲ್ಲೇ ಎಳೆಯುತ್ತಾ ಹೋದರೆ ಪ್ಲಗ್ ಒದ್ದೆಯಾಗುತ್ತದೆ. ನನ್ನದು ಒಂಬತ್ತನೇ ಎಳೆತಕ್ಕೆ ಹೊಡೆಯಿತು, ಹನ್ನೊಂದಕ್ಕೆ ನಿಂತು ಓಡಿತು. ಅಂಗಳ ತುಂಬ ನೀಲಿ ಹೊಗೆ, ನಾಯಿ ತೋಟಕ್ಕೆ ಓಡಿತು.

ಎರಡು ಮೂರು ನಿಮಿಷ ಬಿಸಿಯಾಗಲಿ. ಬ್ರೇಕ್ ಬಿಡಿಸಿ ನೋಡಿ, ಐಡಲಿನಲ್ಲಿ ಚೈನ್ ತಿರುಗಬಾರದು. ತಿರುಗಿದರೆ ಐಡಲ್ ಸ್ಕ್ರೂ ಇಳಿಸಿ. ಆಕ್ಸಿಲರೇಟರ್ ಒತ್ತಿದಾಗ ತಡವರಿಸಿದರೆ ಎಲ್ ಸ್ಕ್ರೂ ಚೂರೇ ಚೂರು ಹೊರಕ್ಕೆ. ಎಚ್ ಸ್ಕ್ರೂ ವಿಷಯದಲ್ಲಿ ಆಸೆಬುರುಕರಾಗಬೇಡಿ. ಒಳಕ್ಕೆ ತಿರುಗಿಸಿದಷ್ಟೂ ಮಿಷನ್ ಕಿರುಚುತ್ತದೆ, ಕೇಳಲು ಜೋರು ಬಂದಂತೆ ಅನಿಸುತ್ತದೆ. ಪೆಟ್ರೋಲ್ ಕಡಿಮೆಯಾದರೆ ಅದರ ಜೊತೆ ಬರುವ ಎಣ್ಣೆಯೂ ಕಡಿಮೆ, ಪಿಸ್ಟನ್ ಹಿಡಿಯುವುದು ಹಾಗೆಯೇ. ಖಾಲಿ ಪೂರ್ತಿ ಒತ್ತಿದಾಗ ಸ್ವಲ್ಪ ಗುರುಗುಟ್ಟಬೇಕು, ಮರಕ್ಕೆ ಇಟ್ಟಾಗ ಸ್ವಚ್ಛ ದನಿ ಬರಬೇಕು. ಅಲ್ಲಿಗೆ ನಿಲ್ಲಿಸಿ. ಆಕ್ಸಿಲರೇಟರ್ ಬಿಟ್ಟ ಮೇಲೂ ವೇಗ ಇಳಿಯಲು ಹೊತ್ತು ತೆಗೆದುಕೊಂಡರೆ, ಐಡಲ್ ತನ್ನಷ್ಟಕ್ಕೆ ಏರಿಳಿದರೆ, ಎಲ್ಲೋ ಕಳ್ಳಗಾಳಿ ಇದೆ. ಓಡಿಸಬೇಡಿ, ರಬ್ಬರ್ ಪೈಪ್ ಮತ್ತು ಕ್ರ್ಯಾಂಕ್ ಸೀಲ್ ನೋಡಿಸಿ. ಹತ್ತು ನಿಮಿಷ ಓಡಿ ಸತ್ತು, ಟ್ಯಾಂಕ್ ಮುಚ್ಚಳ ಸಡಿಲಿಸಿದ ಕೂಡಲೇ ಬದುಕಿದರೆ ಟ್ಯಾಂಕಿಗೆ ಗಾಳಿ ಹೋಗುವ ತೂತು ಕಟ್ಟಿದೆ.

ಒಂದು ಅಡಿಕೆ ಹಾಳೆಯನ್ನು ನೆಲಕ್ಕೆ ಹಾಸಿ, ಬಾರಿನ ತುದಿಯನ್ನು ಅದಕ್ಕೆ ತಾಗಿಸದೆ ಗೇಣು ಮೇಲೆ ಹಿಡಿದು ಜೋರು ಓಡಿಸಿ. ಹಾಳೆ ಮೇಲೆ ಎಣ್ಣೆಯ ಗೆರೆ ಬಿದ್ದರೆ ಚೈನಿಗೆ ಎಣ್ಣೆ ಬರುತ್ತಿದೆ. ಬೀಳದಿದ್ದರೆ ಕೊಯ್ಯಬೇಡಿ, ಎಣ್ಣೆ ದಾರಿ ಮತ್ತೆ ತೊಳೆಯಿರಿ.

ಮೊದಲ ಪರೀಕ್ಷೆಗೆ ಮನೆ ಹತ್ತಿರ ಬಿದ್ದಿರುವ ಒಣ ಅಕೇಶಿಯಾ ತುಂಡು ಸಾಕು. ನಿಂತ ಮರಕ್ಕೆ ಹೋಗುವಾಗ 1976ರ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆ ಇದೆ ಎಂಬುದು ನೆನಪಿರಲಿ, ಸ್ವಂತ ಜಮೀನಿನಲ್ಲಿದ್ದರೂ ವಿನಾಯಿತಿ ಪಟ್ಟಿಯಲ್ಲಿಲ್ಲದ ಜಾತಿಗೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು. ತುಂಡನ್ನು ಕೊಯ್ಯುವಾಗ ಮಿಷನ್ನನ್ನು ಒತ್ತಬೇಡಿ, ಅದರ ತೂಕಕ್ಕೆ ತಾನೇ ಇಳಿಯಬೇಕು. ಬೀಳುವುದು ಚಕ್ಕೆಯಾ, ಹಿಟ್ಟಿನಂಥ ಪುಡಿಯಾ ನೋಡಿ. ಪುಡಿ ಬಂದರೆ ಮತ್ತೆ ಅರ ಹಿಡಿಯಿರಿ.

ಹೊಸ ಚೈನ್ ಮೊದಲ ಅರ್ಧ ಗಂಟೆಯಲ್ಲಿ ಹಿಗ್ಗುತ್ತದೆ, ಎರಡು ಮೂರು ಸಲ ನಿಲ್ಲಿಸಿ ಬಿಗಿ ಮಾಡಿ. ಕೆಲಸ ಮುಗಿದ ಮೇಲೆ ಅದನ್ನೇ ಸ್ವಲ್ಪ ಸಡಿಲಿಸಿ ಇಡಿ, ತಣ್ಣಗಾದಾಗ ಚೈನ್ ಕುಗ್ಗಿ ಬಾರನ್ನೂ ಕ್ರ್ಯಾಂಕನ್ನೂ ಎಳೆಯುತ್ತದೆ. ನನಗೆ ಕಾರ್ಬೊರೇಟರ್ ಕಿಟ್, ಪೈಪ್, ಫಿಲ್ಟರ್, ಪ್ಲಗ್, ಚೈನ್ ಎಲ್ಲ ಸೇರಿ ಸಾವಿರದ ನಾನೂರು ರೂಪಾಯಿಯೊಳಗೆ ಮುಗಿಯಿತು. ಮೇ ಕೊನೆಗೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬೊರೇಟರಿನಲ್ಲಿ ಉಳಿದದ್ದು ಮುಗಿದು ತಾನೇ ನಿಲ್ಲುವವರೆಗೆ ಓಡಿಸಿ, ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ ಒಳಗಿಟ್ಟೆ. ಬಟ್ಟೆ ಇದೆ ಎಂದು ಹಗ್ಗದ ಹಿಡಿಗೆ ಒಂದು ಚೀಟಿ ಕಟ್ಟಿದ್ದೇನೆ. ಅಟ್ಟದಲ್ಲಿ ಅಲ್ಲ, ಅಡುಗೆಮನೆ ಪಕ್ಕದ ಬೆಚ್ಚಗಿನ ಕೋಣೆಯಲ್ಲಿ. ಭಾವ ನವೆಂಬರಿನಲ್ಲಿ ಬಂದು "ಹಾಗಾದ್ರೆ ವಾಪಸ್ ಕೊಡ್ತೀಯಾ?" ಅಂದರು. ಅಡಿಕೆ ಕೊಯ್ಲು ಮುಗಿಯಲಿ ಅಂದೆ.